ಸೀರೆಯೊಳಗೆ ಸುತ್ತಿಹೋದ ಇಂಗ್ಲಿಷ್ ನೋಟ್ಸು

ಹೊಸ ರೇಷ್ಮೆ ಸೀರೆಯ ವಾಸನೆ ಮೂಗಿಗೆ ಬಡಿದರೆ, ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಪಡೆದ ನನಗೆ ಇವತ್ತಿಗೂ ಮೊಳಕಾಲ್ಮೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ನಾನಾಗ ಎಂಟನೇ ಕ್ಲಾಸು. ಮಾರನೇ ದಿನ ಇಂಗ್ಲಿಷ್ ಪರೀಕ್ಷೆ. ಮಸ್ಟ್, ಶುಡ್, ಕ್ಯಾನ್ ಬರುವ ಇಪ್ಪತ್ತು ವಾಕ್ಯಗಳನ್ನು ಟೀಚರ್ ಬರೆಸಿದ್ದರು. ಫೇಲಾದರೆ ಶಾಲೆ ಬಿಡಿಸಿ ಮಗ್ಗಕ್ಕೆ ಕೂರಿಸುತ್ತೇನೆಂದು ಅಪ್ಪ ಹೇಳಿಬಿಟ್ಟಿದ್ದ. ಉಂಡು ಬಂದು ನೋಡಿದರೆ ನನ್ನ ನೋಟ್‌ಬುಕ್ಕಿನ ರಟ್ಟು ಮಾತ್ರ ಉಳಿದಿತ್ತು. ನೇಯ್ದಷ್ಟು ಸೀರೆಯನ್ನು ಮಗ್ಗದ ದಿಂಡಿಗೆ ಸುತ್ತುವಾಗ ಜರಿ ಉಜ್ಜದಿರಲೆಂದು ನಡುವೆ ಕಾಗದ ಇಡುತ್ತಾರೆ. ಹಳೇ ಪುಸ್ತಕವೆಂದುಕೊಂಡು ತಾತ ನನ್ನ ಹಾಳೆಗಳನ್ನೇ ಇಟ್ಟು ಸುತ್ತಿಬಿಟ್ಟಿದ್ದ.

"ಬಿಚ್ಚು ತಾತ!" ಎಂದು ಕಿರುಚಿದೆ.

"ಸೀರೆ ಮುಗಿಯೋ ತಂಕ ಬಿಚ್ಚಂಗಿಲ್ಲ ಬಿಡವ್ವ."

ನಾನು ಅಳತೊಡಗಿದೆ. ಮಗ್ಗದಲ್ಲಿ ಕೂತಿದ್ದ ಅವ್ವ ಕೈ ನಿಲ್ಲಿಸಲಿಲ್ಲ. ಲಾಳಿ ಎಸೆಯುತ್ತಲೇ ಶುರು ಮಾಡಿದಳು: "ಯು ಮಸ್ಟ್ ಗೆಟ್ ಅಪ್. ಯು ಶುಡ್ ಸಿಟ್ ಡೌನ್. ಶಿ ಕ್ಯಾನ್ ಕ್ಯಾರಿ ಆನ್..."

ನಾನು ಅಳು ನಿಲ್ಲಿಸಿ ಅವ್ವನ ಕಡೆ ತಿರುಗಿದೆ. ಅವ್ವನಿಗೆ ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಮಗ್ಗದ ಸದ್ದನ್ನು ಮೀರಿಸಲು ನಾನು ದಿನಾ ಗಟ್ಟಿಯಾಗಿ ಓದುತ್ತಿದ್ದೆ, ಅಷ್ಟೆ. ಇಪ್ಪತ್ತೂ ವಾಕ್ಯ ಹೇಳಿ ಮುಗಿಸಿದಳು, ಒಂದೂ ತಪ್ಪಿಲ್ಲ. ತಾತ ಬಾಯಿ ತೆರೆದುಕೊಂಡು ನಿಂತಿದ್ದ.

"ಅರ್ಥ ಗೊತ್ತೇನವ್ವ?" ಎಂದೆ.

ಆಗ ಲಾಳಿ ನಿಂತಿತು. ಜಗುಲಿಯಲ್ಲಿದ್ದ ಅಪ್ಪನಿಗೆ ಕೇಳದ ಹಾಗೆ ಅವ್ವ ದನಿ ತಗ್ಗಿಸಿದಳು.

"ಇಲ್ಲ. ನಾಳೆ ಪರೀಕ್ಷೆ ಬರ್ದು ಬಾ. ಆಮೇಲೆ ಒಂದೊಂದೇ ನಂಗೂ ಹೇಳ್ಕೊಡು."