ಕತ್ತಿನ ಗೀರು

"ಯಾವ ಕಡೆಯವರು?" ಕತ್ತರಿ ನಿಲ್ಲಿಸದೆಯೇ ಕ್ಷೌರಿಕ ಕೇಳಿದ.

"ಈ ಕಡೆಯವನೇ. ಕಂಬಿ ಪಕ್ಕದ ಬೀದಿ. ನಾಳೆ ಇಂಟರ್‌ವ್ಯೂ ಇದೆ, ಸ್ವಲ್ಪ ನೀಟಾಗಿ ಮಾಡಿ."

ಬಾಯಿ ಬಿಟ್ಟರೆ ಬಣ್ಣಗೇಡು! ನಗರವನ್ನು ಎರಡಾಗಿ ಸೀಳಿದ ರೈಲುದಾರಿಗೆ ಈ ಕಡೆಯವರು ಹಳಿ ಎನ್ನುತ್ತಾರೆ. ಕಂಬಿ ಎನ್ನುವವರು ಆಚೆಯವರು. ಅವರ ಪಕ್ಷ ಬೇರೆ, ಬಾವುಟ ಬೇರೆ. ಹೋದ ಚುನಾವಣೆಯ ಗಲಭೆಯಲ್ಲಿ ಕ್ಷೌರಿಕನ ಅಂಗಡಿಗೆ ಬೆಂಕಿ ಇಟ್ಟವರೂ ಅವರೇ. ಆ ಬೆಂಕಿ ಇವನ ಹೊಟ್ಟೆಯಲ್ಲಿ ಇನ್ನೂ ಆರಿರಲಿಲ್ಲ.

"ಹಾಗಾದ್ರೆ ನಮ್ಮವರೇ ಅನ್ನಿ," ಎಂದು ಮಶೀನು ಎತ್ತಿಕೊಂಡು, ಕತ್ತಿನ ಹಿಂದೆ ಕೂದಲಿನ ಅಂಚಿಗೆ ಅಡ್ಡಡ್ಡ ಸಣ್ಣ ಗೀರೊಂದನ್ನು ಎಳೆದ.

ಬೀದಿಯ ತಿರುವಿನಲ್ಲಿ ಕಾಯುವವರಿಗೆ ಅಷ್ಟು ಸಾಕು. ಯಾರೂ ಗುರುತು ಹಿಡಿಯಬಾರದೆಂದು ಈ ಕಡೆಯ ಪಕ್ಷದವರು ಪ್ರತಿ ಸಲ ದೂರದ ಬಡಾವಣೆಯ ಹೊಸಬರನ್ನು ಕಳಿಸುತ್ತಿದ್ದರು. ಅವರಿಗೆ ಇವನದು ಒಂದೇ ಪಾಠ: "ಮುಖ ನೋಡ್ಬೇಡಿ, ಏನ್ ಹೇಳಿದ್ರೂ ಕೇಳ್ಬೇಡಿ. ಕತ್ತು ನೋಡಿ."

ಒಮ್ಮೆ ಕ್ಷೌರಿಕನ ಮಗ ಬೇರೊಬ್ಬ ಗಿರಾಕಿಯ ಕತ್ತಿನಲ್ಲಿ ಇಂಥದೇ ಗೀರು ಕಂಡು, "ಇದ್ಯಾಕಪ್ಪಾ?" ಎಂದಿದ್ದ. ಮೀಸೆ ಮೂಡುತ್ತಿದ್ದ ಹುಡುಗ, ಅಪ್ಪನೆಂದರೆ ಪ್ರಾಣ. ಈ ಕೊಳಕು ಅವನಿಗೆ ತಾಗಬಾರದು ಎಂಬುದೊಂದೇ ಕ್ಷೌರಿಕನ ಆಸೆ. "ಚಿತ್ರ ಬರೆಯೋರು ಮೂಲೇಲಿ ಸಹಿ ಹಾಕ್ತಾರಲ್ಲ, ಹಾಗೆ. ಅದು ನಿಮ್ಮಪ್ಪನ ಸಹಿ ಕಣೋ." ಹುಡುಗ ಹಿಗ್ಗಿ ಹೀರೇಕಾಯಿಯಾಗಿದ್ದ. ಇವತ್ತು ಬೆಳಿಗ್ಗೆ ಗೆಳೆಯನಿಗೆ ಬೇಕೆಂದು ಹಳೆಯ ಮಶೀನನ್ನೂ ಕೇಳಿ ಒಯ್ದಿದ್ದ.

ಗಿರಾಕಿ ಕನ್ನಡಿ ನೋಡಿಕೊಂಡು ಖುಷಿಪಟ್ಟ.

"ತಿರುವಿನ ಕಡೆಯಿಂದ್ಲೇ ಹೋಗಿ, ಹತ್ತಿರ ಆಗುತ್ತೆ," ಎಂದ ಕ್ಷೌರಿಕ. "ಇನ್ನು ನಿಮ್ಮನ್ನ ನೋಡಿದವರು ಮರೆಯಲ್ಲ ಬಿಡಿ."

ಸ್ವಲ್ಪ ಹೊತ್ತಿಗೆ ತಿರುವಿನಿಂದ ಚೀರಾಟ ಕೇಳಿಸಿತು. ಕ್ಷೌರಿಕ ರೇಡಿಯೋ ಜೋರು ಮಾಡಿದ. ಕಂಬಿ ಅಂದವನಿಗೆ ಕಂಬಿ ಕೀಳಲೂ ಆಗಲಿಲ್ಲವಲ್ಲ ಎಂದು ತನ್ನಷ್ಟಕ್ಕೆ ನಕ್ಕು ಕೂದಲು ಗುಡಿಸಿದ. ಅವನು ಬಿಟ್ಟುಹೋದ ಕೊಡೆಯನ್ನು ಒಳಗೆ ಎತ್ತಿಟ್ಟ. ಇನ್ನು ಅದನ್ನು ಕೇಳಿಕೊಂಡು ಬರುವವರು ಯಾರು? ಚೀರಾಟ ನಿಂತಿತು.

ಬಾಗಿಲು ತೆರೆಯಿತು. ಅದೇ ಗಿರಾಕಿ. ಮೈಮೇಲೆ ಒಂದು ಗೀಚೂ ಇಲ್ಲ, ಮುಖ ಮಾತ್ರ ಬಿಳಿಚಿಕೊಂಡಿತ್ತು.

"ತಿರುವಿಗಿಂತ ಈಚೆ ಟೀ ಕುಡೀತಿದ್ದೆ, ಕೊಡೆ ಮರೆತಿದ್ದು ನೆನಪಾಯ್ತು," ಎಂದ. "ಆ ತಿರುವಲ್ಲಿ ಯಾವುದೋ ಹುಡುಗನ್ನ ಹೊಡೆದು ಕೊಂದೇಬಿಟ್ರು ಕಣ್ರೀ. ಪಾಪ, ಕೊನೇ ಉಸಿರಿನವರೆಗೂ ಕತ್ತು ತೋರಿಸಿ ಒಂದೇ ಮಾತು ಹೇಳ್ತಿದ್ದ, 'ಇದು ನಮ್ಮಪ್ಪನ ಸಹಿ' ಅಂತ."