ಟಂಟಂ ಹಿಂದಿನ ಡಾಕ್ಟರ್

“ನೀಟ್ ಬರಿಯಂಗಿಲ್ಲ ಭಯ್ಯಾ. ಕಾಲೇಜಿನ್ಯಾಗ ಸಿಇಟಿ ಅರ್ಜಿ ಹಾಕೇನಿ, ಅದಷ್ಟ ಬರೀತೇನಿ.”

ಜಸ್ಮೀನ ಹೇಳಿದ್ದೇ ತಡ, ಯಾಸೀನ ನಡುರಸ್ತೆಯಲ್ಲಿ ಬ್ರೇಕ್ ಒತ್ತಿದ. ಹಿಂದೆ ಬರುತ್ತಿದ್ದ ಬೈಕಿನವ ಬೈದು ಮುಂದೆ ಹೋದ. ನರೋಣಾದಿಂದ ಆಳಂದಕ್ಕೆ ಹೊರಟ ಟಂಟಂ ಆಟೋದಲ್ಲಿ ಇದ್ದವರು ಅಣ್ಣ, ಪಿಯುಸಿ ಎರಡನೇ ವರ್ಷದ ತಂಗಿ ಮತ್ತು ಪಕ್ಕದ ಮನೆಯ ಶಾರದಾಬಾಯಿ. ನೀಟ್ ಅರ್ಜಿ ಹಾಕಲು ಅದೇ ಕೊನೆಯ ದಿನ.

“ಇಳಿ ಕೆಳಗ. ಹಿಂದ ಹೋಗಿ ಏನ್ ಬರದದ ಓದು!”

ಓದಬೇಕಾಗಿರಲಿಲ್ಲ. ತಂಗಿ ಹತ್ತನೆಯದರಲ್ಲಿ ಶಾಲೆಗೇ ಮೊದಲು ಬಂದ ದಿನ, ಎಂಟನೆಯದಕ್ಕೇ ಶಾಲೆ ಬಿಟ್ಟಿದ್ದ ಯಾಸೀನ ಟಂಟಂನ ಬೆನ್ನ ಮೇಲೆ ಕೆಂಪಕ್ಷರದಲ್ಲಿ ಬರೆಸಿದ್ದ: ಡಾ. ಜಸ್ಮೀನ. ಅಂದಿನಿಂದ ಊರಿಗೆ ಊರೇ ಅವಳನ್ನು ಡಾಕ್ಟರ್ ಮಾಡಿ ಕೂಡಿಸಿತ್ತು. ಕೇಳದೆ ಬಿಟ್ಟದ್ದು ಅವಳೊಬ್ಬಳನ್ನೇ.

“ಎರಡೂ ಬರಿಯವ್ವ,” ಎಂದಳು ಶಾರದಾಬಾಯಿ. “ನನ್ನ ಮೊಣಕಾಲು ನಿನ್ನ ಹಾದಿ ಕಾಯಾಕತ್ತಾವ.”

“ನೀಟ್ ಪಾಸಾಗಿಬಿಟ್ರ ಏನ್ ಮಾಡ್ಲಿ ಆಯಿ? ಆಮ್ಯಾಲ ನನ್ನ ಬಿಡ್ತೀರೇನು? ಫೇಲಾದ್ರಂತೂ ಕಾಕಾನ ಮಗ ನದೀಮನಂಗ ಕಲಬುರಗ್ಯಾಗ ಮತ್ತ ಮತ್ತ ಕೋಚಿಂಗಿಗಿ ಕೂಡಸ್ತೀರಿ. ನನಗ ಕೃಷಿ ಓದಬೇಕಾಗ್ಯದ. ಹೂವಿಗಿ ಬಂದ ತೊಗರಿ ನಿಂತಲ್ಲೇ ಯಾಕ ಒಣಗ್ತದ, ಅದು ಗೊತ್ತಾಗಬೇಕು. ಸಿಇಟಿ ಜೋಡಿ ರೈತರ ಮಕ್ಕಳಿಗಿ ಪ್ರಾಕ್ಟಿಕಲ್ ಇರ್ತದ. ಬೀಜ, ಮಣ್ಣು, ಬಿತ್ತೋ ಕೂರಿಗಿ ಮುಂದಿಟ್ಟು ಏನಂತ ಕೇಳ್ತಾರ.”

ಯಾಸೀನ ಹ್ಯಾಂಡಲ್ ಗುದ್ದಿದ. “ಕೂರಿಗಿ ಗುರುತು ಹಿಡ್ಯಾಕೂ ಪರೀಕ್ಷಾನಾ? ಹಂಗಾರ ನಾ ಯಾವಾಗೋ ಪಾಸ್! ನಮ್ಮೂರ ಮಲ್ಕಪ್ಪನ ಎತ್ತೂ ಪಾಸ್!”

ಶಾರದಾಬಾಯಿಗೆ ನಗು ತಡೆಯಲಾಗಲಿಲ್ಲ. ಮಗಳ ಮನೆಯ ಹಿತ್ತಲಿಗೆಂದು ಸೆರಗಿನಲ್ಲಿ ಕಟ್ಟಿಕೊಂಡಿದ್ದ ಗಂಟು ಬಿಚ್ಚಿ, ಒಂದಿಷ್ಟು ಬೀಜ ಅವನ ಅಂಗೈಗೆ ಸುರಿದಳು.

“ತಗೊಳಪಾ ಪಾಸಾದಾಂವ. ಇವು ಏನು ಹೇಳು?”

“ಬೆಂಡಿ. ಇದನ್ನೇನ್ ಕೇಳ್ತಿ ಆಯಿ?”

ಜಸ್ಮೀನ ಬಗ್ಗಿ ನೋಡಿದಳು, ಮುಟ್ಟಲೂ ಇಲ್ಲ. “ಪುಂಡಿ ಪಲ್ಯದ ಬೀಜ. ಬೆಂಡಿ ದುಂಡಗಿರ್ತದ ಭಯ್ಯಾ. ಇದಕ್ಕ ಮೂಲಿ ಅದ, ನೋಡು.”

“ಫೇಲಾದಿ ಲೇ ಯಾಸೀನಾ! ನಿನಗೂ ಕೋಚಿಂಗ್ ಹಚ್ಚಬೇಕು.”

ಯಾಸೀನ ಬೀಜಗಳನ್ನು ಬೆರಳಿನಿಂದ ಹೊರಳಿಸಿ ಹೊರಳಿಸಿ ನೋಡಿದ. ಮೂಲೆ ಇತ್ತು. ಸಿಟ್ಟು ಎಲ್ಲಾದರೂ ಹೋಗಬೇಕಲ್ಲ, ಎದುರಿಗೆ ಒಂದು ನಾಯಿಯೂ ಇಲ್ಲದ ರಸ್ತೆಯಲ್ಲಿ ಉದ್ದಕ್ಕೆ ಹಾರ್ನ್ ಹೊಡೆದ.

“ಅಬ್ಬಾನ ಜೋಡಿ ನಾನೂ ಹೊಲಕ್ಕ ಹೋಗ್ತೇನಲ್ಲ ಬೇ...”

“ಹೋಗ್ತಿ. ನೋಡಂಗಿಲ್ಲ,” ಎಂದಳು ಜಸ್ಮೀನ.

ಯಾಸೀನ ಮತ್ತೆ ಗಾಡಿ ಹೊರಡಿಸಿದ. ಆಳಂದದಲ್ಲಿ ಟಂಟಂ ಅರ್ಜಿ ತುಂಬುವ ಆನ್‌ಲೈನ್ ಸೆಂಟರನ್ನು ದಾಟಿ, ಪೇಂಟರ್ ದಿಲೀಪನ ಅಂಗಡಿ ಮುಂದೆ ನಿಂತಿತು.

“ಆ ‘ಡಾ.’ ಅಳಿಸು,” ಎಂದ ಯಾಸೀನ.

“ಅಲ್ಲಿ ಏನ್ ಬರೀಲಿ?”

“ಏನೂ ಬ್ಯಾಡ.”

“ಖಾಲಿ ಕಾಣಸ್ತದಲ್ಲೋ.”

“ಹೆಸರು ದೊಡ್ಡದು ಮಾಡು ಲೇ! ಈ ಮೂಲಿಂದ ಆ ಮೂಲಿತನ!”

ಯಾಸೀನ ಇನ್ನೂ ಒದರುತ್ತಲೇ ಇದ್ದ. ಜಸ್ಮೀನ ಬೇವಿನ ನೆರಳಲ್ಲಿ ಬಸಿಯಲ್ಲಿ ಚಹಾ ಸುರಿದುಕೊಂಡು ಆರಾಮಾಗಿ ಕುಡಿಯುತ್ತಿದ್ದಳು. ಶಾರದಾಬಾಯಿ ಮಗಳ ಮನೆ ಮರೆತು, ಅಕ್ಷರ ಬೆಳೆಯುವುದನ್ನು ನೋಡುತ್ತ ನಿಂತಿದ್ದಳು.

ಮರಳುವಾಗ ಬಣ್ಣ ಇನ್ನೂ ಹಸಿಯಿತ್ತು. ನರೋಣಾ ಮುಟ್ಟುವಷ್ಟರಲ್ಲಿ ಆ ದೊಡ್ಡ ಕೆಂಪಕ್ಷರಗಳ ತುಂಬ ಹಾದಿಯ ಕರಿಮಣ್ಣು ಹತ್ತಿ ಕೂತಿತ್ತು. ಯಾಸೀನ ಇಳಿದು ಬಂದು ನೋಡಿದ. ಒರೆಸಲು ಹೋಗಲಿಲ್ಲ.