ಬಲಗಡೆಯ ಕಾರ್ಡು

ಹೊಸ ಯಂತ್ರದ ಡಬ್ಬಿ ಬಿಚ್ಚಿದಾಗ ಬರುವ ಪ್ಲಾಸ್ಟಿಕ್ ವಾಸನೆ ನನಗೆ ಇವತ್ತಿಗೂ ಆಗಿಬರುವುದಿಲ್ಲ.

ಎಂಬತ್ತರ ದಶಕದ ಕೊನೆಯ ಒಂದು ಮಧ್ಯಾಹ್ನ ಗಂಗಾವತಿಯ ನಮ್ಮ ಪಡಸಾಲೆಯಲ್ಲಿ ಅದೇ ವಾಸನೆ ತುಂಬಿತ್ತು. ಅಕ್ಕಿ ಗಿರಣಿಯ ಲೆಕ್ಕಕ್ಕೆಂದು ಮನೆಗೆ ತಂದ ಕಂಪ್ಯೂಟರಿನ ಮುಚ್ಚಳ ತೆಗೆದು, ಹೊಸಪೇಟೆಯಿಂದ ಬಂದ ಮೆಕ್ಯಾನಿಕ್ ಕೇಳಿದ: "ಮೆಮೊರಿ ಎಷ್ಟು ಕೂಡಿಸ್ಲಿರಿ? ಕಾರ್ಡ್ ಒಂದು ಹಾಕ್ಲೋ, ಎರಡು ಹಾಕ್ಲೋ?"

ಅಪ್ಪನೂ ಅವನ ತಮ್ಮ, ನಮ್ಮ ಕಾಕಾನೂ ಮಾತು ಬಿಟ್ಟು ವರ್ಷವಾಗಿತ್ತು. ಜಮಖಾನೆಯ ಎರಡು ತುದಿಗೆ ಕೂತು, ನಡುವೆ ನನ್ನನ್ನು ಕೂರಿಸಿಕೊಂಡಿದ್ದರು.

"ಒಂದು ಸಾಕಂತ ಹೇಳವ್ವ ನಿಮ್ಮ ಕಾಕಾಗ. ಗಿರಣಿ ಲೆಕ್ಕ ನೋಡಾಂವ ನಾ ಒಬ್ಬನ."

"ಎರಡು ಬೇಕಂತ ಹೇಳು ನಿಮ್ಮಪ್ಪಗ. ನನ್ನ ಲೆಕ್ಕ ಬ್ಯಾರೆ ಇಡಾಕ ಜಾಗ ಬೇಕು."

ನಾನು ಬಾಯಿ ತೆರೆಯುವ ಮೊದಲೇ ಇಬ್ಬರಿಗೂ ಕೇಳಿಸಿರುತ್ತಿತ್ತು. ಆದರೂ ಹೇಳಬೇಕಿತ್ತು, ಹೇಳದಿದ್ದರೆ ಬೈಗುಳ ನನಗೇ.

ರೊಟ್ಟಿ ಬಡಿಯುತ್ತಿದ್ದ ಅಜ್ಜಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಎರಡೂ ಹಾಕಪ್ಪ. ನಾಳಿ ಇವರು ಪಾಲಾದಾಗ ಒಬ್ಬೊಬ್ಬಗ ಒಂದೊಂದು ಬರ್ತಾವ."

"ಮಷಿನ್ ಒಂದ ಐತಲ್ರಿ, ಅಮ್ಮಾರ," ಅಂದ ಮೆಕ್ಯಾನಿಕ್.

"ಮನಿನೂ ಒಂದ ಐತಿ."

ಮೆಕ್ಯಾನಿಕ್ ತಲೆ ತಗ್ಗಿಸಿ ಎರಡೂ ಕಾರ್ಡುಗಳನ್ನು ಅಕ್ಕಪಕ್ಕ ಒತ್ತಿ ಕೂರಿಸಿದ. ಅಪ್ಪ ಬಗ್ಗಿ ನೋಡಿದ. ಆಮೇಲೆ, ವರ್ಷದಲ್ಲಿ ಮೊದಲ ಸಲ, ನನ್ನನ್ನು ದಾಟಿ ನೇರವಾಗಿ ತಮ್ಮನಿಗೇ ಹೇಳಿದ:

"ಬಲಗಡಿದು ನಂದು. ಹಿರೇ ಮಗನ ಪಾಲು ಯಾವಾಗ್ಲೂ ಬಲಕ್ಕ."